ಮಡಕೆ ಹಿಡಿದವನು ನಾನೇ

ಪುಟ್ಟರಂಗಯ್ಯ ಬಿನ್ ಲೇಟ್ ತಿಮ್ಮರಂಗಯ್ಯ, ವಯಸ್ಸು 49 ವರ್ಷ, ಟೈಲರ್ ಕೆಲಸ, ವಾಸ ಮತ್ತು ಅಂಗಡಿ ಎರಡೂ ಒಂದೇ ಕಟ್ಟಡದಲ್ಲಿ, ಉಪ್ಪಾರಹಳ್ಳಿ, ತುಮಕೂರು ಟೌನ್. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 7-9-1998ರ ಸೋಮವಾರ ಕಾಲೇಜಿನ ಗೇಟಿನ ಮುಂದೆ ನಡೆದ ಅಣಕು ಶವಯಾತ್ರೆಯಲ್ಲಿ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದವನು ನಾನೇ. ತಾವು ಹತ್ತು ದಿನದಿಂದ ಕೇಳಿಕೊಂಡು ತಿರುಗುತ್ತಿದ್ದೀರಿ. ನನ್ನ ಅಂಗಡಿಗೂ ಎರಡು ಸಲ ಬಂದಿರಿ. ಎರಡು ಸಲವೂ ನಾನು ಗೊತ್ತಿಲ್ಲ ಎಂದೆ. ಅದು ಸುಳ್ಳು.

ನಾನು ಹನ್ನೊಂದು ವರ್ಷದಿಂದ ಸದರಿ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಹುಡುಗರಿಗೆ ಜೆರ್ಸಿ ಹೊಲಿಯುತ್ತಿದ್ದೇನೆ. ಕೋರ್ಟು ನನ್ನ ಅಂಗಡಿಯ ಹಿಂದೆ, ಒಂದು ಗೋಡೆಯ ಆಚೆ ಇದೆ. ಒಂದು ಮ್ಯಾಚನ್ನೂ ತಪ್ಪಿಸಿದವನಲ್ಲ. ಎಡಗಡೆಯ ಕಂಬದ ಪಕ್ಕ ಎರಡನೇ ಮೆಟ್ಟಿಲು ನನ್ನ ಜಾಗ. ಅಲ್ಲಿ ಬೇರೆಯವರು ಕೂತಿದ್ದರೆ ನಾನು ಬಂದ ಕೂಡಲೇ ಎದ್ದು ಜಾಗ ಬಿಡುತ್ತಾರೆ, ಏಕೆಂದರೆ ನನ್ನ ಬಾಯಿ ದೊಡ್ಡದು. ಈ ಬಾಯಿ ಹೊಲಿಯೋಕೆ ಊರಿನ ದಾರವೆಲ್ಲ ತಂದರೂ ಸಾಲದು ಎಂದು ನನ್ನ ಹೆಂಡತಿ ರೇವಮ್ಮ ಹೇಳುತ್ತಾಳೆ. ಆಟಗಾರರಿಗೆ ಅಡ್ಡಹೆಸರು ಇಡುವವನು ನಾನು. ಕೋಚ್ ರಘುನಂದನ ಅವರಿಗೆ ‘ನಿದ್ದೆ ಮೇಷ್ಟ್ರು’ ಎಂದು ಇಟ್ಟವನೂ ನಾನೇ. ಒಂಬತ್ತನೇ ನಂಬರಿನ ದಯಾನಂದ, ಗುಬ್ಬಿ ತಾಲ್ಲೂಕು ಕಡಬದವನು, ಎರಡನೇ ಬಿ.ಕಾಂ., ಹಾಸ್ಟೆಲಿನಲ್ಲಿದ್ದು ಓದುವ ಹುಡುಗ. ಅವನಿಗೆ ‘ತೂತುಗೈ’ ಎಂದು ಇಟ್ಟೆ. ಹೋದ ವರ್ಷ ಒಂದು ಪಾಸು ಕೈ ಜಾರಿದ್ದಕ್ಕೆ ಇಟ್ಟ ಹೆಸರು. ಜನ ನಗುತ್ತಿದ್ದರು. ಜನ ನಕ್ಕರೆ ನನಗೆ ಹೊಟ್ಟೆ ತುಂಬುತ್ತಿತ್ತು. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಶಿವಮೂರ್ತಿಯವರು ಇದೆಲ್ಲ ಬೇಡ, ಘಟನೆ ಹೇಳಿ ಎನ್ನುತ್ತಿದ್ದಾರೆ. ಇದೇ ಸ್ವಾಮಿ ಘಟನೆ, ಬರೆಯಿರಿ.

ದಿನಾಂಕ 6-9-98ರ ಭಾನುವಾರ ಸಂಜೆ ಕುಣಿಗಲ್ ತಂಡದ ಮೇಲೆ ಫೈನಲ್ ಇತ್ತು. ಮುನ್ನೂರು ಜನ ಸೇರಿದ್ದರು. 5 ಗಂಟೆ 40 ನಿಮಿಷಕ್ಕೆ ಆಟ ಮುಗಿಯಲು ನಾಲ್ಕು ಸೆಕೆಂಡು ಬಾಕಿ ಇದ್ದಾಗ ನಮ್ಮವರು 50, ಅವರು 51. ಅವರ ಆಟಗಾರನೊಬ್ಬ ನಮ್ಮ ದಯಾನಂದನ ಕೈ ಹಿಡಿದು ಎಳೆದದ್ದಕ್ಕೆ ನಮಗೆ ಎರಡು ಫ್ರೀ ಥ್ರೋ ಸಿಕ್ಕಿತು. ಅಂದರೆ ಹದಿನೈದು ಅಡಿ ದೂರದ ಗೆರೆಯ ಮೇಲೆ ಒಬ್ಬನೇ ನಿಂತು, ಯಾರ ಅಡ್ಡಿಯೂ ಇಲ್ಲದೆ ಎಸೆಯುವುದು. ಮೊದಲನೆಯದು ರಿಂಗಿಗೆ ಬಡಿದು ಹೊರಗೆ ಬಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು, “ಲೇ ತೂತುಗೈ! ಹೋಗ್ಲಾ, ಕಡಬಕ್ಕೆ ಹೋಗಿ ದನ ಕಾಯಿ!” ಎಂದು ಕೂಗಿದೆ. ಮುನ್ನೂರು ಜನವೂ ಅದನ್ನೇ ಹಿಡಿದುಕೊಂಡು ಕೂಗಿದರು. ರೆಫರಿ ಸೀಟಿ ಊದಿದರೂ ನಿಲ್ಲಿಸಲಿಲ್ಲ. ಹುಡುಗ ಅಂಗೈಯನ್ನು ಚಡ್ಡಿಗೆ ನಾಲ್ಕು ಸಲ ಒರೆಸಿಕೊಂಡ. ನಾನು ಎಣಿಸಿದೆ. ಎರಡನೇ ಚೆಂಡು ರಿಂಗಿನವರೆಗೂ ಹೋಗಲಿಲ್ಲ.

ಆಟ ಮುಗಿದ ಮೇಲೆ ಕೋಚ್ ರಘುನಂದನ ಅವರು ಎರಡೂ ಕೈ ಅಗಲಿಸಿ ಹುಡುಗರನ್ನು ತಮ್ಮ ಬೆನ್ನ ಹಿಂದೆ ಮಾಡಿಕೊಂಡು ರೂಮಿನ ಕಡೆ ನಡೆದರು. ಯಾರೋ ಎಸೆದ ಎಳನೀರಿನ ಬುರುಡೆ ಅವರ ಬಲಭುಜಕ್ಕೆ ಬಿತ್ತು. ಎಸೆದವನು ನಾನಲ್ಲ. ಅವರು ತಿರುಗಿ ನಿಂತು, ಬೈಯುವುದಿದ್ದರೆ ನನ್ನನ್ನು ಬೈಯಿರಿ, ಹುಡುಗನನ್ನು ಬಿಡಿ ಎಂದು ಕೇಳಿಕೊಂಡರು. ನಾನು ಅವರ ಕಡೆಗೆ ಗೊರಕೆಯ ಸದ್ದು ಮಾಡಿ ತೋರಿಸಿದೆ.

ಅದೇ ದಿನ ಸಂಜೆ 7 ಗಂಟೆಗೆ ನನ್ನ ಅಂಗಡಿಯಲ್ಲಿ ಐದಾರು ಜನ ಸೇರಿ, ತಂಡದ ಹೆಣ ಹೊರೋಣ ಎಂದು ಮಾತಾಯಿತು. ಮಂತ್ರಿಗಳಿಗೆ ಮಾಡುತ್ತಾರಲ್ಲ, ಹಾಗೆ. ಮಿಕ್ಕವರ ಹೆಸರು ಹೇಳುವುದಿಲ್ಲ. ಯೋಚನೆ ನನ್ನದು, ಅವರದು ಬರೀ ಹೆಗಲು. ಹುಲ್ಲಿನ ಬೊಂಬೆ ಕಟ್ಟಿದೆವು. ಬೊಂಬೆಗೆ ಅಂಗಿ ಬೇಕಾಯಿತು. ಒಂಬತ್ತನೇ ನಂಬರಿನ ಜೆರ್ಸಿ ನನ್ನ ಮೊಳೆಯ ಮೇಲೆ ನೇತಾಡುತ್ತಿತ್ತು. ದಯಾನಂದನಿಗೆ ಎರಡು ಜೆರ್ಸಿ ಇದ್ದು, ಇದರ ಪಕ್ಕದ ಹೊಲಿಗೆ ಬಿಚ್ಚಿದ್ದರಿಂದ ಶನಿವಾರ ರಿಪೇರಿಗೆ ಕೊಟ್ಟು ಹೋಗಿದ್ದ. ಕಂಕುಳ ಹತ್ತಿರ ಹಸಿರು ರವಿಕೆ ಬಟ್ಟೆಯ ತೇಪೆ ಇತ್ತು. ಕೈಹೊಲಿಗೆ. ನನ್ನ ಮಿಷನ್ನಿಗಿಂತ ಸಣ್ಣ ಹೊಲಿಗೆ. ಯಾರದೋ ಒಳ್ಳೆಯ ಕೈ ಎಂದು ಮೆಚ್ಚಿದ್ದೆ. ಅದೇ ಜೆರ್ಸಿಯನ್ನು ಬೊಂಬೆಗೆ ತೊಡಿಸಿದೆ. ಅಂಗಡಿಯಲ್ಲಿ ಬೇರೆ ಬಟ್ಟೆ ಇರಲಿಲ್ಲವೇ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದರು. ಇತ್ತು, ರಾಶಿ ಇತ್ತು. ರಿಪೇರಿಗೆ ಬಂದ ಬಟ್ಟೆ ದೇವರ ಒಡವೆ ಇದ್ದ ಹಾಗೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಮೂವತ್ತು ವರ್ಷದಲ್ಲಿ ಆ ಮಾತು ಮೀರಿದ್ದು ಅದೊಂದೇ ಸಲ.

ಸೋಮವಾರ ಸಂಜೆ 4 ಗಂಟೆ 10 ನಿಮಿಷಕ್ಕೆ ಬೊಂಬೆಯನ್ನು ಬಿದಿರಿನ ಚಟ್ಟದ ಮೇಲೆ ಮಲಗಿಸಿ, ಚೆಂಡು ಹೂವಿನ ಹಾರ ಹಾಕಿ, ಮೈದಾನದಿಂದ ಹೊರಟೆವು. ಕೂಲಿಗೆ ತಮಟೆ ಬಾರಿಸುವ ಗಂಗಣ್ಣನನ್ನು ಕರೆಸಿದ್ದೆವು. ದಾರಿಗೆಲ್ಲ ಪುರಿ ಚೆಲ್ಲುತ್ತಾ ನಡೆದೆವು. ಹೆತ್ತವರಿಗೆ ಮಕ್ಕಳು ಹಿಡಿಯುವ ಮಡಕೆಯನ್ನು ಮಗನ ವಯಸ್ಸಿನವನಿಗೆ ನಾನು ಹಿಡಿದೆ. ಸುಮಾರು ಆರುನೂರು ಮೀಟರ್ ನಡೆದು ಕಾಲೇಜು ಗೇಟಿನ ಎದುರಿನ ಬಸ್ ಸ್ಟಾಪಿಗೆ ಬಂದಾಗ 4 ಗಂಟೆ 35 ನಿಮಿಷ. ಆಗ ಬಸ್ಸಿನಿಂದ ಒಬ್ಬ ಹೆಂಗಸು ಇಳಿದರು. ಅವರು ದಯಾನಂದನ ತಾಯಿ ಹನುಮಂತಮ್ಮನವರು, ಕಡಬದ ಅಂಗನವಾಡಿಯಲ್ಲಿ ಆಯಾ. ಹಿಂದಿನ ರಾತ್ರಿ ಮಗ ಪಕ್ಕದ ಮನೆಯವರಿಗೆ ಫೋನು ಮಾಡಿ, ತಾಯಿ ಬಂದು ಎತ್ತಿಕೊಂಡರೆ ಮಾತಾಡದೆ ಅತ್ತು ಇಟ್ಟುಬಿಟ್ಟಿದ್ದನಂತೆ. ಅದಕ್ಕೆ ನೋಡಲು ಬಂದಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಅವರು ಚಟ್ಟದ ಹತ್ತಿರ ಬಂದು ಬೊಂಬೆಯ ತೋಳು ಎತ್ತಿ ಕಂಕುಳ ತೇಪೆ ನೋಡಿದರು. “ಅಯ್ಯೋ, ನನ್ನಪ್ಪಾ!” ಎಂದು ಎದೆ ಎದೆ ಬಡಿದುಕೊಂಡರು. ನಾವು ಅವರೂ ತಮಾಷೆಗೆ ಸೇರಿಕೊಂಡರು ಎಂದುಕೊಂಡೆವು. ನಮ್ಮಲ್ಲೊಬ್ಬ, “ಅಕ್ಕ ಸಖತ್ತಾಗ್ ಅಳ್ತದೆ, ಬಾರ್ಸ್ಲಾ ಗಂಗಣ್ಣ!” ಎಂದ. ನಾನು ನಕ್ಕೆ. ಅವರು ಕಣ್ಣು ಮೇಲೆ ಮಾಡಿ ಬಿದ್ದರು. ಚರಂಡಿಯ ಕಲ್ಲಿಗೆ ಎಡಹುಬ್ಬು ಒಡೆದು ರಕ್ತ ಬಂತು. ಮೊದಲು ತಮಟೆ ನಿಲ್ಲಿಸಿದವನು ಗಂಗಣ್ಣ. ಕೂತು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವನೂ ಅವನೇ. ನಾನು ಮಡಕೆ ಕೆಳಗೆ ಹಾಕಿ ಓಡಿದೆ. ಅಂಗಡಿಗೆ ಹೋಗಿ ಷಟರ್ ಎಳೆದುಕೊಂಡು ಬಟ್ಟೆ ರಾಶಿಯ ಹಿಂದೆ ಕೂತೆ. ಮೇಷ್ಟ್ರು ರಘುನಂದನ ಅವರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರೆಂದೂ ಐದು ಹೊಲಿಗೆ ಬಿತ್ತೆಂದೂ ರೇವಮ್ಮ ಬಂದು ಹೇಳಿದಳು. ಥೂ, ನೀನೂ ಒಬ್ಬ ಗಂಡಸಾ ಎಂದಳು.

ಮಾರನೇ ದಿನ ಮೇಷ್ಟ್ರು ತಮ್ಮ ಠಾಣೆಗೆ ದೂರು ಕೊಟ್ಟು, ಕಾಲೇಜಿಗೆ ಹೋಗಿ ಇನ್ನು ತಂಡದ ಜವಾಬ್ದಾರಿ ಬೇಡವೆಂದು ಬರೆದುಕೊಟ್ಟರು. ದಯಾನಂದ ಪೆಟ್ಟಿಗೆ ಸಮೇತ ಕಡಬಕ್ಕೆ ಹೋದ. ದಿನಾ ಬೆಳಿಗ್ಗೆ 5 ಗಂಟೆ 45 ನಿಮಿಷಕ್ಕೆ ನನ್ನ ಅಂಗಡಿಯ ಗೋಡೆಯ ಆಚೆ ಚೆಂಡು ಪುಟಿಯುವ ಸದ್ದು ಶುರುವಾಗುತ್ತಿತ್ತು. ಅದು ನಿಂತುಹೋಯಿತು. ಎಂಟು ದಿನ ನಾನು ಆ ಹೊತ್ತಿಗೆ ಎದ್ದು ಕೂತು ಕಿವಿ ಕೊಟ್ಟೆ. ಬರೀ ಕಾಗೆ.

ದಿನಾಂಕ 15-9-98ರ ಮಂಗಳವಾರ ಬೆಳಿಗ್ಗೆ 9 ಗಂಟೆ 20ರ ಬಸ್ಸಿಗೆ ಗುಬ್ಬಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ 11 ಗಂಟೆಗೆ ಕಡಬ ಸೇರಿದೆ. ಹನುಮಂತಮ್ಮನವರು ಮನೆಯ ಜಗಲಿಯ ಮೇಲೆ ಅಂಗನವಾಡಿಯ ಬೇಳೆ ಆರಿಸುತ್ತಿದ್ದರು. ಹುಬ್ಬಿನ ಮೇಲೆ ಪಟ್ಟಿ ಇತ್ತು. ನಾನು ಕೂರಲಿಲ್ಲ. ತಾಯೀ, ನಿಮ್ಮ ಮಗನ ಜೆರ್ಸಿ ರಿಪೇರಿಗೆ ಇಸ್ಕೊಂಡ ಟೈಲರ್ ನಾನು, ಮಡಕೆ ಹಿಡಿದವನೂ ನಾನೇ ಎಂದೆ. ಅವರು ಮೊರ ಕೆಳಗಿಟ್ಟರು. ಆಮೇಲೆ ಆಡಿದ ಮಾತು ಹೀಗಿದೆ, ಹಾಗೇ ಬರೆದುಕೊಳ್ಳಿ.

“ಹೊಲ್ಕೊಡಯ್ಯ ಅಂತ ಕೊಟ್ ಅಂಗೀನ ಹೆಣಕ್ ಉಡಿಸ್ದಲ್ಲಯ್ಯ, ನಿನ್ ಕೈಗೇನ್ ಬಂದಿತ್ತು? ಬದ್ಕಿರೋರ್ನ ಚಟ್ಟದ್ ಮ್ಯಾಲೆ ಹೊತ್ರೆ ಆಯಸ್ಸು ಗಟ್ಟಿ ಆಯ್ತದೆ ಅಂತಾರೆ. ನನ್ ಮಗನ್ ಆಯಸ್ಸು ಗಟ್ಟಿ ಆಯ್ತು ಬುಡು. ಅವನ್ ಆಟ ಸತ್ತೋಯ್ತಲ್ಲ, ಅದಕ್ಯಾರಯ್ಯ ಜೀವ ಕೊಡೋರು?”

ದಯಾನಂದ ಒಳಗಿನಿಂದಲೇ, ಅವರನ್ನು ಕಳಿಸಮ್ಮಾ, ನಾನಂತೂ ಇನ್ನು ಚೆಂಡು ಮುಟ್ಟುವುದಿಲ್ಲ ಎಂದ. ರೇಡಿಯೋದಲ್ಲಿ ಚಪ್ಪಾಳೆ ಕೇಳಿದರೂ ಅವನ ಅಂಗೈ ಬೆವರುತ್ತದೆ, ಅನ್ನ ಕಲಸುವಾಗಲೂ ಒರೆಸಿಕೊಳ್ಳುತ್ತಾನೆ ಎಂದು ತಾಯಿ ತಿಳಿಸಿದರು. ನಾನು ಅವರ ಕಾಲಿಗೆ ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, “ನನ್ ಕಾಲ್ ಕಟ್ಕೊಂಡ್ರೆ ಏನ್ ಬಂತು? ಹೋಗು, ಮೊದ್ಲು ಆ ಮೇಷ್ಟ್ರ ತಾವ ಬಾಯ್ಬುಡು. ಆಮ್ಯಾಕೆ ಪೊಲೀಸ್ನೋರ ತಾವ. ಎಲ್ರು ಮುಂದೆ ಕೂಗ್ದೋನು ಎಲ್ರು ಮುಂದೇನೇ ಒಪ್ಕೋಬೇಕು” ಎಂದರು.

ದಿನಾಂಕ 16ರ ಬುಧವಾರ ಬೆಳಿಗ್ಗೆ 8 ಗಂಟೆಗೆ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ಒಳಗಿನಿಂದ ಒಂದು ಕಟ್ಟು ಅಂಚೆ ಕಾರ್ಡು ತಂದು ಮೇಜಿನ ಮೇಲೆ ಇಟ್ಟರು. ಹೆಸರಿಲ್ಲದೆ ಬಂದ ಬೈಗುಳದ ಕಾರ್ಡುಗಳು. ಅದರಲ್ಲಿ ನಿದ್ದೆ ಮೇಷ್ಟ್ರೇ ಮನೆಗೆ ಹೋಗಿ ಮಲಗಿ ಎಂಬ ಕಾರ್ಡು ನಾನು ಬರೆದದ್ದು. ಜೆರ್ಸಿಯ ಅಳತೆ ಚೀಟಿಯ ಅಕ್ಷರವೂ ಇದೂ ಒಂದೇ ಎಂದು ಮೂರು ವರ್ಷದಿಂದ ಅವರಿಗೆ ಗೊತ್ತಿತ್ತಂತೆ. ಹಾಗಾದರೆ ಹೊಲಿಗೆ ಬೇರೆಯವರಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ. ನೀವು ಚೆನ್ನಾಗಿ ಹೊಲೀತೀರಿ, ಅದಕ್ಕೆ ಎಂದರು. ನನಗೆ ಅಳು ಬಂತು. ಇದನ್ನೂ ಬರೆದುಕೊಳ್ಳಿ, ನಾಚಿಕೆ ಇಲ್ಲ.

ಅವರು ಮುಂದುವರಿಸಿ, “ನೋಡಿ ಪುಟ್ಟರಂಗಯ್ಯ, ನನಗೆ ಬೈದ್ರೆ ಒರೆಸ್ಕೊಂಡು ಹೋಗ್ತೀನಿ. ಹತ್ತೊಂಬತ್ತು ವರ್ಷದ ಹುಡುಗ ಅದನ್ನ ನಿಜ ಅಂತ ನಂಬಿಬಿಡ್ತಾನೆ. ನಾನೂ ನಂಬ್ತಾ ಬಂದಿದೀನಿ ಅಂತ ಈ ವಾರ ಗೊತ್ತಾಯ್ತು. ಹದಿನಾಲ್ಕು ವರ್ಷದಲ್ಲಿ ಬೈದೋರು ಲೆಕ್ಕ ಇಲ್ಲ. ನಾನೇ ಬೈದೆ ಅಂತ ಮನೆಗೆ ಬಂದೋರು ನೀವೊಬ್ರೇ” ಎಂದರು. ಎದ್ದು ಸ್ಕೂಟರಿನ ಬೀಗ ತೆಗೆದುಕೊಂಡರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಕಡಬಕ್ಕೆ ಎಂದರು.

ಈ ದಿನ ಬೆಳಿಗ್ಗೆ 5 ಗಂಟೆ 50 ನಿಮಿಷಕ್ಕೆ ಗೋಡೆಯ ಆಚೆ ಚೆಂಡಿನ ಸದ್ದು ಕೇಳಿತು. ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಕೋರ್ಟಿನಲ್ಲಿ ಮೇಷ್ಟ್ರೂ ದಯಾನಂದನೂ ಇಬ್ಬರೇ ಇದ್ದರು. ನಾನು ತಂಡ ಬಿಡುವುದಿಲ್ಲ, ನೀನೂ ಬಿಡಬೇಡ ಎಂದು ಮೇಷ್ಟ್ರು ಕಡಬದಲ್ಲಿ ಹೇಳಿದ್ದಕ್ಕೆ ಹುಡುಗ ಒಪ್ಪಿ ಸ್ಕೂಟರ್ ಹತ್ತಿದನಂತೆ. ದೂರ ನಿಂತೆ. ಮೇಷ್ಟ್ರು ಕರೆದು, ನಿಮ್ಮ ಜಾಗಕ್ಕೆ ಹೋಗಿ ನಿಂತು ಎಂದಿನ ಹಾಗೆ ಕೂಗಿ ಎಂದರು. ಶನಿವಾರದ ಮ್ಯಾಚಿಗೆ ಕುಣಿಗಲ್‌ನಲ್ಲಿ ನಿಮ್ಮಂಥವರು ಐನೂರು ಜನ ಇರುತ್ತಾರೆ, ಇಲ್ಲೇ ಅಭ್ಯಾಸವಾಗಲಿ ಎಂಬುದು ಅವರ ಲೆಕ್ಕ. ನಾನು ಎರಡನೇ ಮೆಟ್ಟಿಲಿನ ಮೇಲೆ ನಿಂತೆ. ಬಾಯಿ ತೆರೆದರೆ ಸ್ವರ ಬರಲಿಲ್ಲ. ಹುಡುಗ ಗೆರೆಯ ಮೇಲೆ ಚೆಂಡು ಹಿಡಿದು ಕಾಯುತ್ತಿದ್ದ. ಒಂದು ನಿಮಿಷವಾದ ಮೇಲೆ ಅವನೇ, “ಕೂಗಿ ಪುಟ್ಟರಂಗಣ್ಣ. ಫೈನಲ್ ದಿನ ಗಂಟ್ಲು ಚೆನ್ನಾಗೇ ಇತ್ತಲ್ಲ” ಎಂದ.

ಕೂಗಿದೆ. ತೂತುಗೈ ಎಂದೆ, ದನ ಕಾಯಿ ಎಂದೆ. ಒಂದೊಂದು ಮಾತೂ ಗಂಟಲು ಕೆರೆದುಕೊಂಡು ಬಂತು. ಮೊದಲ ಹತ್ತು ಎಸೆತದಲ್ಲಿ ಮೂರು ಬಿದ್ದವು. ಅವನು ಪ್ರತಿ ಸಲವೂ ಅಂಗೈ ಒರೆಸಿಕೊಳ್ಳುತ್ತಿದ್ದ. ಎರಡನೇ ಹತ್ತರಲ್ಲಿ ಐದು. ಮೂರನೇ ಹತ್ತರ ನಡುವೆ ನನ್ನ ಸ್ವರ ಒಡೆದು ಕೋಳಿ ಕೂಗಿದಂತೆ ಕೀಚಲಾಯಿತು. ದಯಾನಂದ ಚೆಂಡು ಹಿಡಿದುಕೊಂಡೇ ನಕ್ಕ. ನಗು ತಡೆಯದೆ ಗೆರೆಯ ಮೇಲೆ ಕೂತ. ಮೇಷ್ಟ್ರೂ ನಕ್ಕರು. ಎದ್ದು ಎಸೆದ, ಬಿತ್ತು. ಕೈ ಒರೆಸಿಕೊಳ್ಳಲಿಲ್ಲ. ಆ ಹತ್ತರಲ್ಲಿ ಏಳು ಬಿದ್ದವು. ಅಲ್ಲಿಂದ ಮನೆಗೆ ಹೋಗಿ ಸ್ನಾನ ಮಾಡಿ 10 ಗಂಟೆ 30 ನಿಮಿಷಕ್ಕೆ ಠಾಣೆಗೆ ಬಂದಿರುತ್ತೇನೆ.

ನನ್ನ ಮೇಲೆ ಯಾವ ಕೇಸು ಹಾಕಿದರೂ ತಕರಾರಿಲ್ಲ. ಆದರೆ ಒಂದು ಅರಿಕೆ ಇದೆ. ಶನಿವಾರ ದಿನಾಂಕ 19ರ ಮಧ್ಯಾಹ್ನ 3 ಗಂಟೆಗೆ ಮತ್ತೆ ಹಾಜರಾಗಬೇಕೆಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದ್ದಾರೆ. ಅಂದು ಆಗುವುದಿಲ್ಲ ಸ್ವಾಮಿ. ಅಂದು ಮೂರೂವರೆಗೆ ಕುಣಿಗಲ್‌ನಲ್ಲಿ ಅದೇ ತಂಡದ ಮೇಲೆ ಬೇರೆ ಕಪ್ಪಿನ ಮ್ಯಾಚು ಇದೆ, ದಯಾನಂದ ಆಡುತ್ತಾನೆ. ಹನುಮಂತಮ್ಮನವರು ಹುಟ್ಟಿದಾಗಿನಿಂದ ಬಾಸ್ಕೆಟ್‌ಬಾಲ್ ನೋಡಿದವರಲ್ಲ. ನಿನ್ನ ಪಕ್ಕದಲ್ಲೇ ಕೂರುತ್ತೇನೆ, ಯಾವಾಗ ಚಪ್ಪಾಳೆ ತಟ್ಟಬೇಕೆಂದು ನೀನೇ ಹೇಳಿಕೊಡಬೇಕು ಎಂದು ಮಗನ ಕೈಲಿ ಹೇಳಿ ಕಳಿಸಿದ್ದಾರೆ. ನನ್ನನ್ನು ಒಳಗೆ ಹಾಕುವುದಿದ್ದರೆ ಶನಿವಾರ ಸಂಜೆ ಆರು ಗಂಟೆಯ ಮೇಲೆ ಹಾಕಿ.

ಮೇಲೆ ಬರೆದದ್ದನ್ನು ಶಿವಮೂರ್ತಿಯವರು ಓದಿ ಹೇಳಿದರು, ಕೇಳಿದೆ. ನಾನು ಹೇಳಿದ್ದೇ ಇದೆ. ಸುಳ್ಳು ಸೇರಿಲ್ಲ, ನನಗೆ ನಾಚಿಕೆಯಾಗುವ ಮಾತು ಯಾವುದೂ ಬಿಟ್ಟುಹೋಗಿಲ್ಲ.

ಸ್ಥಳ: ತುಮಕೂರು
ದಿನಾಂಕ: 17-9-1998
ಸಹಿ: ಪುಟ್ಟರಂಗಯ್ಯ