ಅಳಿಸೋಕೆ ಮುಂಚೆ

...ತಾಳಮ್ಮ, ಅಳಿಸ್ಬೇಡ, ಫೋಟೋ ತಗೊಳ್ತೀನಿ. ಹಾಂ, ಈಗ ಅಳಿಸ್ಕೋ. ಅದೇನೋ, ಸ್ಲೇಟ್ ಮೇಲೆ ಬರೀತೀಯ, ಅಂಗೈಲಿ ಒರೆಸ್ತೀಯ, ಮತ್ತೆ ಅದನ್ನೇ ಬರೀತೀಯ. ಸ್ಟ್ರೋಕ್ ಹೊಡೆದು ಮಾತು ನಿಂತ್ರೂ ನಿನ್ನ ಹಟ ನಿಂತಿಲ್ಲ ನೋಡು.

ಯಾಕೆ ಹಾಗೆ ನೋಡ್ತೀಯ? ಆಟ ಅಲ್ಲಮ್ಮ ಇದು. ನಿನ್ನ ಮಗಳು, ಈ ಹಂಸ, ದೊಮ್ಮಲೂರಿನ ಆಫೀಸಲ್ಲಿ ಮಾಡೋ ಕೆಲಸಾನೇ ಇದು. ಮಾತು ಬರದವರು ಬರೆದ ಚಿತ್ರ ತೋರಿಸಿ, ಇದು ಹಸಿವು, ಇದು ನೋವು ಅಂತ ಕಂಪ್ಯೂಟರ್‌ಗೆ ಕಲಿಸ್ತೀವಿ. ನೀನು ಲೋಟ ಬರೆದಾಗ ಕಾಫಿ ಅಂತ ಅದು ಹೇಳ್ಲಿಲ್ವಾ? ಕುಡಿದೆ ತಾನೆ?

ಈಗ ನೋಡಿದ್ರೆ ಬರೀ ಇದೇ. ಹೊಸ್ತಿಲು, ಅದರ ಮುಂದೆ ರಂಗೋಲಿ. ಎಲ್ಲಾ ಫೋಟೋನೂ ಹಾಕಿ ನೋಡ್ದೆ. ಏನು ಹೇಳ್ತು ಗೊತ್ತಾ? ಹಬ್ಬ, ಸಂತೋಷ. ಇಲ್ನೋಡು. ಅಮ್ಮ ಖುಷಿಯಾಗಿದಾಳೆ ಅಂತ ನಂಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ... ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ.

ತಲೆ ಯಾಕೆ ಆಡಿಸ್ತೀಯ? ತಪ್ಪಾ? ಮತ್ತೆ ಯಾಕೆ ಒರೆಸ್ತಿದೀಯ...

ಓ. ಒರೆಸೋದೂ ಸೇರ್ಬೇಕಿತ್ತಾ? ನಾನು ಒರೆಸೋಕೆ ಮುಂಚೇನೇ ಫೋಟೋ ತೆಗೀತಿದ್ದೆ. ಕಂಪ್ಯೂಟರ್‌ಗೆ ರಂಗೋಲಿ ಮಾತ್ರ ಕಾಣ್ತು, ಅಷ್ಟೆ.

ಕಿಟಕಿ ಕಡೆ ಏನು? ಬಾಗಿಲ ಮುಂದೆ... ಹೌದು, ರಂಗೋಲಿ ಇಲ್ಲ. ಟೈಮ್ ಆಗ್ತಿಲ್ಲಮ್ಮ. ಬೈಯಪ್ಪನಹಳ್ಳೀಲಿ ಮೆಟ್ರೋ ಹಿಡೀಬೇಕು, ಓಡ್ತೀನಿ. ದೊಡ್ಡಪ್ಪಾನೂ ಸದ್ಯಕ್ಕೆ ಬೇಡ ಅಂದ್ರು... ಅಂದ್ರೆ, ಧೂಳು. ರಸ್ತೆ ಅಗೀತಿದಾರಲ್ಲ, ಅದಕ್ಕೆ.

ಮತ್ತೆ ಗೂಟದಲ್ಲಿರೋ ಅಣ್ಣನ ಷರ್ಟ್ ನೋಡ್ತೀಯ. ಜಗನ್ ಅಣ್ಣ ಹೊಸೂರಲ್ಲಿದಾನೆ ಅಂತ ಹೇಳ್ಲಿಲ್ವಾ? ಡ್ಯೂಟಿ ಜಾಸ್ತಿ. ಫೋನೂ ಸಿಗ್ತಿಲ್ಲ. ನೀನು ಮನಸ್ಸಿಗೆ ಹಚ್ಕೋಬೇಡ. ನಿನ್ನೆದುರು ಅಂಥದ್ದೇನೂ ಹೇಳ್ಬೇಡಿ ಅಂತ ಡಾಕ್ಟರೇ... ಏನಿಲ್ಲ. ಮಾತ್ರೆ ತಗೋ.

ಇದೇನು, ಬಳಪ ನನ್ನ ಕೈಗೆ? ನಾನು ಹೋಗಿ ಹಾಕ್ಬೇಕಾ, ಈಗ್ಲೇ? ನೀನು ಇಲ್ಲಿಂದ ನೋಡ್ತೀಯಾ? ಎಲ್ಲಾ ಚೆನ್ನಾಗಿದ್ರೆ ಹಾಕು ಅಂತಾನಾ?

ನಾಳೆ ಹಾಕ್ತೀನಿ ಬಿಡು. ನಾಳೆ... ನಾಳೇನೂ ಆಗಲ್ಲ. ಕೈ ಬಿಡಮ್ಮ, ನೋಯ್ತಿದೆ. ನಿನ್ನ ಒಂದೇ ಕೈಯಲ್ಲಿ ಇಷ್ಟು ಶಕ್ತಿ ಎಲ್ಲಿತ್ತು? ನನ್ನ ಮುಖ ನೋಡ್ಬೇಡ. ಒಂದು ಎಳೆ ಎಳೆದು ಬಂದುಬಿಡೋಣ ಅಂತ ನಂಗೂ ಆಸೆ ಇಲ್ವಾ...

ಅಣ್ಣನ ಹನ್ನೊಂದನೇ ದಿನದ ಕಾರ್ಯ ಆಗೋವರೆಗೂ ಹಾಕೋ ಹಾಗಿಲ್ಲಮ್ಮ.