ತಡ್ಕೋ ಅಂತ ಹೇಳ್ಕೊಟ್ಟೋಳು ನಾನೇ

ಸೋಪಾ? ಸೋಪೂ ಆಯ್ತು ಕಣೆ ರೂಪಾ, ನೀನೇನು ಹೊಸದಾಗಿ ಹೇಳ್ತೀಯಾ. ಸೋಪನ್ನ ಪೆನ್ಸಿಲ್ ಮೊನೆ ಥರ ಕೆತ್ತಿ ಇಟ್ಟಿದ್ದೂ ಆಯ್ತು, ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಸವರಿ ಇಟ್ಟಿದ್ದೂ ಆಯ್ತು, ಮೂಗು ಹಿಡ್ಕೊಂಡು ಹರಳೆಣ್ಣೆ ಹುಯ್ದಿದ್ದೂ ಆಯ್ತು. ನಿಮ್ಮವ್ವ ಕೈ ಹಿಡ್ಕೊಂಡ್ರು, ನಾನು ಕಾಲು ಹಿಡ್ಕೊಂಡೆ, ಎದುರು ಮನೆಯೋರು ಬಂದು ಸೊಂಟ ಹಿಡ್ಕೊಂಡ್ರು. ಮೂರೂವರೆ ವರ್ಷದ ಮಗು ಮೇಲೆ ಮೂರು ಜನ ಹೆಂಗಸ್ರು, ಕುರಿ ಉಣ್ಣೆ ಕತ್ತರಿಸೋರ ಹಂಗೆ. ಮಾರನೇ ದಿನದಿಂದ ಸೋಪಿನ ಡಬ್ಬಿ ಕಂಡ್ರೆ ನನ್ನ ಮಗಳು ಚಿನ್ನಿ ಸ್ನಾನಕ್ಕೂ ಬರ್ತಿರ್ಲಿಲ್ಲ. ನಗ್ರಿ, ನಗ್ರಿ. ಈಗ ಅವಳು ಎರಡನೇ ಕ್ಲಾಸಲ್ಲಿ ಕೂತು ಮಗ್ಗಿ ಒಪ್ಪಿಸ್ತಾಳೆ, ಅದಕ್ಕೇ ನಿಮಗೆ ನಗು. ನಿನ್ನ ಮಗ ಮೂರು ದಿನ ಕಕ್ಕಕ್ಕೆ ಹೋಗಿಲ್ಲ ಅಂತ ತವರಿಗೆ ಬಂದ ಗಳಿಗೆಯಿಂದ ಒದ್ದಾಡ್ತಿದ್ದೀಯಲ್ಲ, ಕೂತ್ಕೋ. ಊಟ ಆಗೈತೆ, ಜಗುಲಿ ತಣ್ಣಗೈತೆ, ನಿಮ್ಮತ್ತಿಗೆ ನಾನೇ ಹೇಳ್ತೀನಿ. ನಿಮ್ಮವ್ವ ಒಳಗೆ ಮಲಗಿದಾರೆ. ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಲಿ.

ನಾನು ಚಳ್ಳಕೆರೇಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದೋಳು, ಅದು ನಿಂಗೆ ಗೊತ್ತು. ಆ ಶಾಲೇಲಿ ಬಾಯಿ ಬಿಟ್ಟು ಏನೂ ಕೇಳೋಂಗಿರ್ಲಿಲ್ಲ. ಒಂದು ಬೆರಳು ಎತ್ತಿದ್ರೆ ಒಂದು, ಎರಡು ಬೆರಳು ಎತ್ತಿದ್ರೆ ಎರಡು. ಎರಡು ಎತ್ತಿದ್ರೆ ಇಡೀ ಕ್ಲಾಸು ತಿರುಗಿ ನೋಡ್ತಿತ್ತು, ಅದಕ್ಕೇ ನಾನು ಹತ್ತು ವರ್ಷದಲ್ಲಿ ಒಂದು ದಿನಾನೂ ಎರಡು ಎತ್ತಲಿಲ್ಲ. ಅಂಥೋಳು ಮದುವೆಯಾಗಿ ಈ ಮೊಳಕಾಲ್ಮೂರಿನ ನೇಕಾರ್ರ ಮನೆಗೆ ಬಂದೆ. ಬಂದೋರಿಗೆಲ್ಲ ನಿಮ್ಮವ್ವ, ‘ನಮ್ ಸೊಸೆಗೆ ಬಾಯೇ ಇಲ್ಲ ನೋಡ್ರಿ’ ಅಂತಿದ್ರು. ನಾನು ಅದನ್ನ ಹೊಗಳಿಕೆ ಅಂತ ತಿಳ್ಕೊಂಡು ತಲೆ ಬಗ್ಗಿಸಿ ನಗ್ತಿದ್ದೆ. ಪೆದ್ದಿ ಅಂದ್ರೆ ಪೆದ್ದಿ.

ಮಗ್ಗದ ವಿಷಯ ನಿಂಗೇನು ಹೇಳೋದು, ನೀನು ಇಲ್ಲೇ ಹುಟ್ಟಿದೋಳು. ಆದ್ರೆ ಈ ನಿನ್ನ ನಾದಿನಿ ಪರಶುರಾಂಪುರದೋಳು, ಇವಳಿಗೆ ಈರುಳ್ಳಿ ಗೊತ್ತು, ಮಗ್ಗ ಗೊತ್ತಿಲ್ಲ. ಕೇಳಮ್ಮ. ನಮ್ಮ ಸೀರೇಲಿ ಒಡಲು ಒಂದು ಬಣ್ಣ, ಎರಡು ಕಡೆ ಅಂಚು ಇನ್ನೊಂದು ಬಣ್ಣ. ಅದಕ್ಕೆ ಮೂರು ಲಾಳಿ ಓಡ್ಬೇಕು. ನಮ್ಮ ಯಜಮಾನ್ರು, ಈ ರೂಪನ ಅಣ್ಣ, ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯ್ತಿದ್ರೆ, ಪಕ್ಕದಲ್ಲಿ ಇನ್ನೊಬ್ರು ಕೂತು ಆ ಕಡೆ ಅಂಚಿನ ಲಾಳಿ ಕೊಡ್ತಾ ಇರ್ಬೇಕು. ಆ ಇನ್ನೊಬ್ರು ನಾನು. ನಾನು ಎದ್ರೆ ಮಗ್ಗ ನಿಲ್ತೈತೆ. ಒದ್ದೆ ಕೈ ಮುಟ್ಟಿದ್ರೆ ರೇಷ್ಮೆ ಕಲೆ ಹಿಡೀತೈತೆ, ಅದು ನಿಜ, ಅದಕ್ಕೆ ನಾನು ಏನೂ ಅನ್ನಲ್ಲ. ಆದ್ರೆ ನಿಮ್ಮವ್ವಂದು ಅದರ ಮೇಲೊಂದು ಕಾನೂನು. ಮಗೂನ ಹಿತ್ಲಿಗೆ ಕರ್ಕೊಂಡು ಹೋಗಿ ತೊಳೆದು ಬಂದ್ರೆ ಸೀರೆ ಬದಲಾಯಿಸ್ಬೇಕು, ಕಾಲು ತೊಳೀಬೇಕು, ಮಗ್ಗಕ್ಕೆ ಕೈ ಮುಗಿದು ಕೂರ್ಬೇಕು. ಒಂದು ಸಲ ಎದ್ರೆ ಅರ್ಧ ಗಂಟೆ ಹೋಯ್ತು. ಹಂಗಾಗಿ ಚಿನ್ನಿ ಬಂದು ನನ್ನ ಸೆರಗು ಎಳೆದು ‘ಅವ್ವಾ, ಕಕ್ಕ’ ಅಂದಾಗೆಲ್ಲ ನಾನೇನಂತಿದ್ದೆ? ‘ತಡ್ಕೋ ಪುಟ್ಟ, ಈ ಬುಟ್ಟಾ ಸಾಲು ಮುಗೀಲಿ.’ ಸಾಲು ಮುಗಿದ್ರೆ, ‘ತಡ್ಕೋ, ಇನ್ನೊಂದೇ ಸಾಲು.’ ಮಗು ತಡ್ಕೊಳ್ತು. ನಾವೆಲ್ಲ ಸೇರಿ, ‘ಎಷ್ಟು ಜಾಣೆ ನೋಡು, ಹೇಳಿದ ಮಾತು ಕೇಳ್ತೈತೆ’ ಅಂತ ಬೆನ್ನು ತಟ್ಟಿದ್ವಿ. ಬಿಸ್ಕತ್ತು ಬೇರೆ ಕೊಟ್ವಿ. ಯಾವ ಊರಲ್ಲಾದ್ರೂ ನೋಡಿದ್ದೀರಾ, ಹೇಲು ತಡ್ಕೊಂಡಿದ್ದಕ್ಕೆ ಬಿಸ್ಕತ್ತು ಕೊಡೋರನ್ನ?

ಆಮೇಲೆ ಏನಾಯ್ತು, ಎರಡು ದಿನ ತಡ್ಕೊಳ್ಳೋದು ನಾಲ್ಕಾಯ್ತು, ನಾಲ್ಕು ಆರಾಯ್ತು. ಒಂದು ದಿನ ಹೋಯ್ತಲ್ಲ, ಕಲ್ಲು ಇದ್ದಂಗೆ ಗಟ್ಟಿ, ಸ್ವಲ್ಪ ರಕ್ತಾನೂ ಬಂತು. ಆ ಕಿರುಚಾಟ ಈಗಲೂ ಕಿವೀಲೈತೆ. ಅವತ್ತಿಂದ ಅವಳಿಗೆ ಹೆದರಿಕೆ. ಹೊಟ್ಟೆ ನುಲಿದ್ರೆ ಸಾಕು, ಓಡಿ ಹೋಗಿ ಅಡುಗೆಮನೆ ಬಾಗಿಲ ಹಿಂದೆ ತುದಿಗಾಲಲ್ಲಿ ನಿಲ್ಲೋಳು, ಕಾಲಿಗೆ ಕಾಲು ಹೆಣೆದು, ಮುಖ ಕೆಂಪಗೆ ಮಾಡ್ಕೊಂಡು. ನಾವು ಏನು ಅಂದ್ಕೊಂಡ್ವಿ? ತಿಣುಕ್ತಾ ಐತೆ ಅಂದ್ಕೊಂಡ್ವಿ. ಸುತ್ತ ನಿಂತು, ‘ಹಾಂ, ತಿಣುಕು ತಿಣುಕು, ಬಂತು ಬಂತು!’ ಅಂತ ಕಬಡ್ಡಿ ಆಟಕ್ಕೆ ಕೂಗ್ದಂಗೆ ಕೂಗಿದ್ವಿ. ಆ ಮಗು ಒಳಗೆ ಹಿಡ್ಕೊಳ್ಳೋಕೆ ಜೀವ ಬಿಡ್ತಿತ್ತು, ನಾವು ಹೊರಗೆ ನಿಂತು ಹುರಿದುಂಬಿಸ್ತಿದ್ವಿ.

ಅಷ್ಟಕ್ಕೇ ಮುಗೀಲಿಲ್ಲ. ಸ್ವಲ್ಪ ದಿನಕ್ಕೆ ಚಡ್ಡಿ ಕೊಳೆ ಆಗೋಕೆ ಶುರುವಾಯ್ತು. ದಿನಕ್ಕೆ ನಾಲ್ಕು, ಐದು... ಐದಲ್ಲ, ಕೆಲವು ದಿನ ಎಂಟು ಚಡ್ಡಿ ಒಗೆದಿದ್ದೀನಿ. ನೀರು ನೀರು. ‘ನೋಡಿದ್ಯಾ, ಸಡಿಲ ಆಯ್ತು, ಈಗ ಭೇದಿ!’ ಅಂದ್ರು ನಿಮ್ಮವ್ವ, ಮುದ್ದೆ ನಿಲ್ಲಿಸಿದ್ರು, ಸೊಪ್ಪು ನಿಲ್ಲಿಸಿದ್ರು, ಗಂಜಿ ಒಂದೇ. ನಿಮ್ಮಣ್ಣ ಹೋಗಿ ಔಷಧಿ ಅಂಗಡಿಯೋನನ್ನ ಕೇಳಿದ್ರು. ಅವನು ಮಗು ಮುಖಾನೂ ನೋಡ್ದೆ, ಮೊಬೈಲಿಂದ ಕಣ್ಣೂ ಎತ್ತದೆ, ಭೇದಿ ನಿಲ್ಲೋ ಸಿರಪ್ ಕೊಟ್ಟ. ತುಂಬಿ ಕಟ್ಕೊಂಡಿರೋ ಹೊಟ್ಟೆಗೆ ನಿಲ್ಸೋ ಔಷಧಿ! ಎದುರು ಮನೆಯೋರು ರಾಯದುರ್ಗದ ಕಡೆಯೋರು, ‘ಇದಿ ದಿಷ್ಟೇ, ದಿಷ್ಟಿ ತೀಯಂಡಿ’ ಅಂತ ತೆಲುಗಲ್ಲಿ ಅಂದ್ರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿನೂ ತೆಗೆದ್ವಿ. ಮೆಣಸಿನಕಾಯಿ ಘಾಟಿಗೆ ಕೆಮ್ಮಿ ಕೆಮ್ಮಿ ಇನ್ನೊಂದು ಚಡ್ಡಿ ಹೋಯ್ತು.

ಇನ್ನು ಶಾಲೆ. ಇಲ್ಲೇ ಪೇಟೇಲಿ ನರ್ಸರಿಗೆ ಹಾಕಿದ್ವಿ. ಎರಡು ಸಲ ವಾಪಸ್ ಕಳ್ಸಿದ್ರು. ಮೂರನೇ ಸಲ ಮೇಡಂ ನನ್ನ ಗೇಟಿನ ಹೊರಗೇ ನಿಲ್ಲಿಸಿ, ಕರ್ಚೀಫು ಮೂಗಿಗೆ ಇಟ್ಕೊಂಡು, ‘ಟಾಯ್ಲೆಟ್ ಟ್ರೈನಿಂಗ್ ಕೊಡದೆ ಕಳಿಸ್ತೀರಲ್ಲಮ್ಮ, ಓದಿದೋರ ಥರ ಕಾಣ್ತೀರಿ. ತಿಂಗಳ ಕೊನೆವರೆಗೂ ನೋಡ್ತೀವಿ, ಆಮೇಲೆ ಸೀಟು ಇಲ್ಲ’ ಅಂದ್ರು. ನಾನು ಏನಂದೆ ಗೊತ್ತಾ? ‘ಸಾರಿ ಮೇಡಂ, ಶಿ ಈಸ್ ಹ್ಯಾವಿಂಗ್ ಸಮ್ ಇಶ್ಯೂ.’ ಇಶ್ಯೂ ಅಂತೆ! ಮಗು ಹೊಟ್ಟೆ ತಮಟೆ ಥರ ಬಿಗಿದೈತೆ, ನನ್ನ ಬಾಯಲ್ಲಿ ಇಶ್ಯೂ. ದಾರಿಯುದ್ದಕ್ಕೂ ಚಿನ್ನಿ, ‘ಅವ್ವಾ, ನಾನು ಕೆಟ್ಟೋಳಾ?’ ಅಂತ ಕೇಳ್ತಾ ಬಂದ್ಳು.

ಅವತ್ತೇ ಸಾಯಂಕಾಲ ನೋಡು. ಪಕ್ಕದ ಮನೆಯೋರ ಮೇಕೆ ಮರಿ ನಮ್ಮ ಹಿತ್ಲಿಗೆ ಬಂದಿತ್ತು. ಚಿನ್ನಿ ಅದರ ಜೊತೆ ಆಡ್ತಿದ್ಳು. ನಾನು ಲಾಳಿಗೆ ಹಾಕೋ ನೂಲಿನ ಕಂಡಿಕೆ ಸುತ್ತುತ್ತಾ ಕೂತಿದ್ದೆ. ಮರಿ ಬಾಲ ಎತ್ತಿತು. ಇವಳು ಓಡಿ ಹೋಗಿ ಎರಡೂ ಕೈಲಿ ಆ ಬಾಲ ಅಮುಕಿ ಹಿಡಿದು, ಥೇಟು ನನ್ನ ದನೀಲಿ, ‘ತಡ್ಕೋ ಪುಟ್ಟ! ಸಾಲು ಮುಗೀಲಿ! ಜಾಣೆ ಅಲ್ವಾ?’ ಅಂದ್ಳು. ಮೇಕೆ ಯಾಕೆ ಕೇಳ್ತೈತೆ? ಅದಕ್ಕೆ ಜಾಣೆ ಅನ್ನಿಸ್ಕೊಳ್ಳೋ ಚಟ ಇಲ್ಲ. ಪಟಪಟ ಅಂತ ಉದುರಿಸಿ ಹಾರಿ ಹೋಯ್ತು. ಚಿನ್ನಿ ಆ ಹಿಕ್ಕೆ ನೋಡ್ತಾ ನಿಂತ್ಳು. ನನ್ನ ಕೈಯಲ್ಲಿದ್ದ ಕಂಡಿಕೆ ಬಿದ್ದು ಹೋಯ್ತು. ಅಲ್ಲಿವರೆಗೂ ದೃಷ್ಟಿ, ಗಾಳಿ, ಹುಳ, ಶಾಲೆ ನೀರು ಅಂತ ಎಲ್ಲಾರ ಮೇಲೂ ಹಾಕಿದ್ವಿ. ಈ ಮಗು ಹೋಗೋಕಾಗದೆ ಅಲ್ಲ, ಹೋಗಬಾರ್ದು ಅಂತ ಹಿಡ್ಕೊಂಡೈತೆ ಅನ್ನೋದು ನನಗೆ ಒಂದು ಮೇಕೆಯಿಂದ ಗೊತ್ತಾಗ್ಬೇಕಾಯ್ತು.

ಮಾರನೇ ದಿನ ಬೆಳಗ್ಗೇನೇ ಮಗೂನ ಬಸ್ ಹತ್ತಿಸ್ಕೊಂಡು ಚಳ್ಳಕೆರೆಗೆ ಹೋದೆ, ಮಕ್ಕಳ ಡಾಕ್ಟ್ರ ಹತ್ರ. ನಿಮ್ಮವ್ವ ಬಾಗಿಲಲ್ಲಿ ನಿಂತು, ‘ಇಷ್ಟಕ್ಕೆಲ್ಲ ಡಾಕ್ಟ್ರಾ? ನಾನು ಮೂರು ಹೆತ್ತು ಸಾಕಿಲ್ವಾ?’ ಅಂದ್ರು. ಸಾಕಿದ್ರು, ಇಲ್ಲ ಅನ್ನಲ್ಲ, ನಿನ್ನನ್ನ ನೋಡಿದ್ರೆ ಗೊತ್ತಾಗ್ತೈತೆ. ಅಯ್ಯೋ, ತಮಾಷೆಗೆ ಕಣೆ. ಅಲ್ಲಿ ಸಂತೆ ಥರ ಜನ. ಚೀಟಿ ಬರ್ಕೊಳ್ಳೋ ಸಿಸ್ಟರು ದೂರದಿಂದಲೇ, ‘ಏನಮ್ಮ ಮಗೀಗೆ?’ ಅಂತ ಕೂಗಿದ್ರು. ನಾನು ಹತ್ರ ಹೋಗಿ ಮೆಲ್ಲಗೆ, ‘ಮೋಷನ್ ಪ್ರಾಬ್ಲಂ.’ ‘ಜೋರಾಗಿ ಹೇಳಮ್ಮ, ಲೂಸಾ?’ ಅಂದ್ರು. ಬೆಂಚಿನ ಮೇಲಿದ್ದ ಗಂಡಸ್ರೆಲ್ಲ ನನ್ನ ಕಡೆ ನೋಡಿದ್ರು. ನನ್ನ ಬಾಯಿ, ಈ ಬಾಯಿ, ‘ಹೂಂ’ ಅಂದುಬಿಡ್ತು! ಎಲ್ಲಾ ಗೊತ್ತಿದ್ದೂ ಹೂಂ ಅಂದೆ. ಹೂಂ ಅಂದ್ರೆ ಬೇಗ ಮುಗೀತೈತಲ್ಲ, ಅದಕ್ಕೆ. ಚೀಟೀಲಿ ಲೂಸ್ ಮೋಷನ್ ಅಂತ ಬರೆದ್ರು. ಒಳಗೆ ಡಾಕ್ಟ್ರಮ್ಮ ಚೀಟಿ ನೋಡಿ, ಜನ ಜಾಸ್ತಿ ಅಲ್ವಾ, ಆಗಲೇ ಪೆನ್ನು ತಗೊಂಡು ಬರೆಯೋಕೆ ಹೊರಟ್ರು. ನನ್ನ ತೊಡೆ ಮೇಲೆ ಚಿನ್ನಿ ಬಿಲ್ಲಿನ ಥರ ಸೆಟೆದ್ಳು. ಕಾಲು ಹೆಣೆದ್ಳು. ನನ್ನ ಮುಖ ನೋಡಿ ಮೆಲ್ಲಗೆ, ‘ತಡ್ಕೊಂಡಿದ್ದೀನಿ ಅವ್ವ’ ಅಂದ್ಳು. ಹೊಗಳಲಿ ಅಂತ ಹೇಳ್ತೈತೆ ಮಗು!

ಅಷ್ಟೇ ನೋಡು. ನನ್ನ ಬಾಯಿ ತೆರೀತು. ಬಾಗಿಲು ತೆಗೆದೇ ಇತ್ತು, ಹೊರಗಿನ ಬೆಂಚಿಗೆಲ್ಲ ಕೇಳ್ಸಿರ್ಬೇಕು. ‘ಬರೀಬೇಡ್ರಿ ಡಾಕ್ಟ್ರೆ! ಭೇದಿ ಅಲ್ಲ. ಗಟ್ಟಿ ಕಕ್ಕ ಹೋಗಿ ಹನ್ನೊಂದು ದಿನ ಆಯ್ತು. ಮಗು ತಡ್ಕೊಂಡೈತೆ. ತಡ್ಕೋ ಅಂತ ಹೇಳ್ಕೊಟ್ಟೋಳು ನಾನೇ!’ ಡಾಕ್ಟ್ರಮ್ಮ ಪೆನ್ನು ಕೆಳಗಿಟ್ರು. ಹೊಟ್ಟೆ ಮುಟ್ಟಿ ನೋಡಿದ್ರು. ನನ್ನ ಕೈಯನ್ನೂ ತಗೊಂಡು ಇಟ್ರು, ‘ಇಲ್ಲಿ ನೋಡಮ್ಮ, ಗಡ್ಡೆ ಥರ ಸಿಗ್ತೈತಲ್ಲ, ಅದೇ. ಅದು ಒಳಗೆ ಕೂತೈತೆ, ಅದರ ಸುತ್ತ ನೀರು ಸೋರ್ತೈತೆ. ಅದನ್ನ ನೀವು ಭೇದಿ ಅಂದ್ಕೊಂಡ್ರಿ. ಮಗೀಗೆ ಚಡ್ಡಿ ಕೊಳೆ ಆಗಿದ್ದೇ ಗೊತ್ತಾಗಲ್ಲ, ಬೇಕು ಅಂತ ಮಾಡಲ್ಲ ಅವಳು. ಬೈದ್ರಾ?’ ಅಂದ್ರು. ಬೈದಿದ್ವಿ. ಹೊಡೆದೂ ಇದ್ವಿ, ಒಂದು ಸಲ. ಅಲ್ಲ, ಎರಡು ಸಲ.

ನೀರಲ್ಲಿ ಕಲಸಿ ಕುಡಿಸೋ ಪುಡಿ ಬರೆದ್ರು. ಮೊದಲು ನಾಲ್ಕೈದು ದಿನ ಜಾಸ್ತಿ, ಒಳಗಿರೋದೆಲ್ಲ ಹೊರಗೆ ಬರೋವರೆಗೆ. ಆಮೇಲೆ ಸ್ವಲ್ಪ ಸ್ವಲ್ಪ, ತಿಂಗಳುಗಟ್ಟಲೆ. ‘ಸರಿ ಹೋಯ್ತು ಅಂತ ನೀವೇ ನಿಲ್ಲಿಸ್ಬೇಡಿ. ಸೋಪು ಗೀಪು ಮುಟ್ಟಬೇಡಿ. ಊಟ ಆದ್ಮೇಲೆ ಐದು ನಿಮಿಷ ಕೂರ್ಸಿ, ಕಾಲು ನೇತಾಡಬಾರ್ದು, ಕೆಳಗೆ ಏನಾದ್ರೂ ಇಡಿ. ಬಂದ್ರೂ ಸರಿ, ಬರದಿದ್ರೂ ಸರಿ, ಕೂತಿದ್ದಕ್ಕೆ ಶಭಾಷ್ ಅನ್ನಿ’ ಅಂದ್ರು. ಅಷ್ಟೇ. ಇದಕ್ಕೆ ನಾವು ಊರಲ್ಲಿರೋ ವೈದ್ಯ ಎಲ್ಲಾ ಮಾಡಿದ್ವಿ.

ಮನೆಗೆ ಬಂದು ಹೇಳಿದೆ. ಊಟ ಆದ್ಮೇಲೆ ಇವಳನ್ನ ಕೂರ್ಸೋಕೆ ದಿನಾ ನಾನು ಏಳ್ತೀನಿ ಅಂದೆ. ನಿಮ್ಮವ್ವ, ‘ಮಗ್ಗ?’ ಅಂದ್ರು. ‘ನಿಲ್ತೈತೆ’ ಅಂದೆ. ಅಷ್ಟು ಜೋರಾಗಿ ನಾನು ಈ ಮನೇಲಿ ಮಾತಾಡಿದ್ದು ಅದೇ ಮೊದಲು, ನಿಮ್ಮಣ್ಣ ಗುಂಡಿಯೊಳಗಿಂದ ತಲೆ ಎತ್ತಿ ನೋಡಿದ್ರು. ಹಿತ್ಲ ಕತ್ತಲೆ ಕಕ್ಕಸಿಗೆ ಅವಳು ಹೆದರ್ತಾಳೆ ಅಂತ ಮಕ್ಕಳು ಕೂರೋ ಪ್ಲಾಸ್ಟಿಕ್ ಪಾಟಿ ತಂದು ಹಿತ್ಲ ಬಾಗಿಲಲ್ಲಿ ಇಟ್ಟೆ, ಕಾಲಿಗೆ ಎರಡು ಇಟ್ಟಿಗೆ. ‘ಮಗ್ಗದ ಮನೆ ಬಾಗಿಲಲ್ಲಿ ಹೇಲಾ! ಶಿವಶಿವಾ!’ ಅಂತ ನಿಮ್ಮವ್ವ ಎರಡು ದಿನ ಊಟ ಬಿಟ್ರು. ಬಿಡಲಿ ಬಿಡು ಅಂದೆ, ಅವರಿಗಾದ್ರೂ ಹೊಟ್ಟೆ ಹಗುರ ಆಗ್ಲಿ. ಸುಲಭವೇನೂ ಆಗ್ಲಿಲ್ಲ. ಮೂರು ತಿಂಗಳಿಗೆ, ಈಗ ಸರಿಯಾಯ್ತಲ್ಲ ಅಂತ ಯಾರೋ... ಯಾರೋ ಏನು, ನಿಮ್ಮವ್ವನೇ, ಪುಡಿ ತೆಗೆದಿಟ್ಬಿಟ್ರು. ಹತ್ತು ದಿನಕ್ಕೆ ಮತ್ತೆ ಬಾಗಿಲ ಹಿಂದೆ ತುದಿಗಾಲು. ಮತ್ತೆ ಚಳ್ಳಕೆರೆ, ಮತ್ತೆ ಮೊದಲಿಂದ. ಒಂದು ವರ್ಷ ಹಿಡೀತು.

ಅಷ್ಟರಲ್ಲಿ ಆ ನರ್ಸರಿ ಸೀಟು ಹೋಗಿತ್ತು. ಮುಂದಿನ ವರ್ಷ ಬೇರೆ ಶಾಲೆ. ಹೋದ ಎರಡನೇ ವಾರಕ್ಕೇ ಕರೆಸಿದ್ರು. ಕೈಚೀಲದಲ್ಲಿ ಎರಡು ಚಡ್ಡಿ ಇಟ್ಕೊಂಡೇ ಹೋದೆ. ಆ ಮಿಸ್ಸು ಮುಖ ಸಿಂಡರಿಸ್ಕೊಂಡು, ‘ನೋಡಿ, ನಿಮ್ಮ ಮಗಳು ಪ್ರೇಯರ್ ನಡೀತಿದ್ರೆ ಮಧ್ಯದಲ್ಲಿ ಎದ್ದು, ಮಿಸ್ ನನಗೆ ಕಕ್ಕ ಬಂತು ಅಂತ ಕೂಗ್ತಾಳೆ. ಎಲ್ಲಾ ಮಕ್ಕಳೂ ನಗ್ತಾರೆ. ಮೇ ಐ ಗೋ ಟು ವಾಷ್‌ರೂಂ ಅಂತ ಮೆಲ್ಲಗೆ ಕೇಳೋದು ಕಲಿಸಿ’ ಅಂದ್ರು. ನಾನು ಅವರನ್ನೇ ನೋಡಿದೆ. ‘ಹೋಗೋಕೆ ಬಿಟ್ರಾ ಮಿಸ್?’ ಅಂದೆ. ‘ಬಿಟ್ಟೆ, ಆದ್ರೆ...’ ‘ಬಿಟ್ರಲ್ಲ, ಸಾಕು. ಕೂಗೋದು ನಾನೇ ಕಲಿಸಿದ್ದು. ನಗೋ ಮಕ್ಕಳಿಗೆ ಸುಮ್ನಿರೋದು ನೀವು ಕಲಿಸ್ರಿ’ ಅಂದು ಬಂದುಬಿಟ್ಟೆ.

ಹೊಟ್ಟೆಗೆ ಮರ್ಯಾದೆನೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ ಕಣೆ ರೂಪಾ. ಕಕ್ಕ ಬಂದಾಗ ಮಕ್ಕಳು ಹೇಳ್ಬೇಕು, ಮಕ್ಕಳು ಹೇಳಿದಾಗ ದೊಡ್ಡೋರು ಏಳ್ಬೇಕು. ಏಳಕ್ಕಾಗದೋರು ಸೋಪು ಕೆತ್ತಬಾರ್ದು.