ಅಮ್ಮನ ಹೆಸರಿನ ಬೆಂಚು

ಕಡಲತೀರದ ಊರು ಸೀಫರ್ಡ್‌ನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೆಸರು ಮೆತ್ತಿದ ಬೂಟುಗಳ ಅಕ್ಕತಂಗಿಯರಿಬ್ಬರು ಕೂತಿದ್ದರು.

"ತೀರಿಕೊಂಡ ಅಮ್ಮನ ಹೆಸರಲ್ಲಿ ನಮ್ಮ ತಮ್ಮ ನೈಜೆಲ್ ಹಾಕಿಸಿರೋ ಬೆಂಚು ನೋಡಿದ್ಯೇನೆ, ಥೆಲ್ಮಾ?"

"ಗುಡ್ಡದ ಮೇಲೆಲ್ಲ ಹುಡುಕಿ ಸಾಕಾಯ್ತು. ಕೊನೆಗೆ ನೋಡಿದ್ರೆ ಕೆಳಗೆ, ಕಾರು ನಿಲ್ಲಿಸೋ ಜಾಗದಲ್ಲಿದೆ!"

"ಮತ್ತೆ? ಸಾಹೇಬ್ರು ಗುಡ್ಡ ಹತ್ತಿದ್ರೆ ಸವೆದುಹೋಗಲ್ವಾ?"

"'ಈ ನೋಟವೆಂದರೆ ಆಕೆಗೆ ಪ್ರಾಣ' ಅಂತ ಫಲಕ ಬೇರೆ. ಕೂತ್ರೆ ಕಾಣೋದು ಟಾಯ್ಲೆಟ್ಟಿನ ಬಾಗಿಲು!"

"ಸಮುದ್ರ?"

"ಬೆನ್ನ ಹಿಂದೆ."

"ಥೂ! ಎಂಬತ್ತರಲ್ಲೂ ಪ್ರತಿ ಭಾನುವಾರ ಗುಡ್ಡ ಹತ್ತಿದವಳು ಕಣೆ ಅಮ್ಮ. ಆ ಜಾಗದಲ್ಲಿ ಯಾವತ್ತು ನಿಂತಿದ್ಲು?"

"ನಿಂತಿರ್ತಿದ್ಲಲ್ಲ! 'ನಾನೂ ನಡೆಯೋಕೆ ಬರ್ತೀನಮ್ಮ' ಅಂತ ಹೇಳಿ ಬಾರದೆ ಇರ್ತಿದ್ದ ಇವನ ಕಾರಿಗೆ ಕಾಯ್ತಾ. ಇನ್ಮೇಲೆ ಕೂತ್ಕೊಂಡು ಕಾಯ್ಲಿ ಅಂತ ಹಾಕಿಸಿದಾನೆ."

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.